ನಾವು ತೀರಿಸದ ಋಣ: ಡೌನ್ ಸಿಂಡ್ರೋಮ್ ಉಳ್ಳವರು ವೈದ್ಯಶಾಸ್ತ್ರಕ್ಕೆ ಕೊಟ್ಟದ್ದು



ಪ್ರತಿ ವರ್ಷ ತಪಸ್ಸುಕಾಲದ ದಿನಗಳಲ್ಲೇ ಮಾರ್ಚ್ 21 ಬರುತ್ತದೆ. ಅಂದು ವಿಶ್ವ ಡೌನ್ ಸಿಂಡ್ರೋಮ್ ದಿನ. ವಿಶ್ವಸಂಸ್ಥೆ 2011ರಲ್ಲಿ ನಿರ್ಣಯ ಮಾಡಿ, 2012ರಿಂದ ಈ ದಿನವನ್ನು ಆಚರಿಸುತ್ತಾ ಬಂದಿದೆ. ಮೂರನೇ ತಿಂಗಳ ಇಪ್ಪತ್ತೊಂದನೇ ದಿನವನ್ನೇ ಆರಿಸಿದ್ದಕ್ಕೆ ಕಾರಣವಿದೆ. ನಮ್ಮ ದೇಹದ ಒಂದೊಂದು ಜೀವಕೋಶದಲ್ಲೂ 23 ಜೋಡಿ ವರ್ಣತಂತುಗಳಿರುತ್ತವೆ, ಅಂದರೆ ಒಟ್ಟು 46. ಡೌನ್ ಸಿಂಡ್ರೋಮ್ ಉಳ್ಳವರಲ್ಲಿ 21ನೇ ವರ್ಣತಂತು ಎರಡರ ಬದಲು ಮೂರು ಇರುತ್ತದೆ. ಆ ಮೂರು ಮತ್ತು ಇಪ್ಪತ್ತೊಂದರ ನೆನಪಿಗಾಗಿ ಈ ದಿನ.

ಅಂದು ಪತ್ರಿಕೆಗಳಲ್ಲಿ ಪುಟ್ಟ ಮಕ್ಕಳ ನಗುಮುಖಗಳು ಅಚ್ಚಾಗುತ್ತವೆ. ನೋಡಿ ಸಂತೋಷಪಡುತ್ತೇವೆ. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು. ಆ ಮಕ್ಕಳು ದೊಡ್ಡವರಾದ ಮೇಲೆ ಎಲ್ಲಿಗೆ ಹೋಗುತ್ತಾರೆ? ನಲವತ್ತು, ಐವತ್ತು ವರ್ಷದ ಡೌನ್ ಸಿಂಡ್ರೋಮ್ ಉಳ್ಳ ಅಣ್ಣ, ಅಕ್ಕ, ಚಿಕ್ಕಪ್ಪ, ಚಿಕ್ಕಮ್ಮಂದಿರ ಆರೋಗ್ಯದ ಬಗ್ಗೆ ವೈದ್ಯಶಾಸ್ತ್ರ ಏನು ತಿಳಿದುಕೊಂಡಿದೆ? ಅದಕ್ಕೂ ಮಿಗಿಲಾಗಿ, ಅವರಿಂದ ವೈದ್ಯಶಾಸ್ತ್ರ ಏನನ್ನು ಪಡೆದುಕೊಂಡಿದೆ? ಈ ಎರಡು ಪ್ರಶ್ನೆಗಳಿಗೆ ಇತಿಹಾಸದಲ್ಲಿ ಉತ್ತರ ಹುಡುಕೋಣ.

ಒಂದು ತಪ್ಪು ಹೆಸರಿನ ಕತೆ

ಜಾನ್ ಲ್ಯಾಂಗ್ಡನ್ ಡೌನ್ ಎಂಬ ಆಂಗ್ಲ ವೈದ್ಯರು 1858ರಿಂದ 1868ರವರೆಗೆ ಇಂಗ್ಲೆಂಡಿನ ಸರ‍್ರೆ ಪ್ರಾಂತ್ಯದ ಅರ್ಲ್ಸ್‌ವುಡ್ ಆಶ್ರಮಾಲಯದ ಮೇಲ್ವಿಚಾರಕರಾಗಿದ್ದರು. ಬುದ್ಧಿಮಾಂದ್ಯರೆಂದು ಸಮಾಜ ಹೊರಗಿಟ್ಟವರನ್ನು ಅಲ್ಲಿ ಇರಿಸುತ್ತಿದ್ದರು. ಡೌನ್ ಅವರು ಅಲ್ಲಿನ ಶಿಕ್ಷೆಗಳನ್ನು ನಿಲ್ಲಿಸಿದರು, ಶುಚಿತ್ವ ತಂದರು, ಕೈಕಸುಬು ಕಲಿಸಿದರು. 1866ರಲ್ಲಿ ಒಂದು ಲೇಖನ ಬರೆದು, ಒಂದೇ ಬಗೆಯ ಮುಖಲಕ್ಷಣ, ಒಂದೇ ಬಗೆಯ ಸ್ವಭಾವ ಉಳ್ಳ ಒಂದು ಗುಂಪನ್ನು ಗುರುತಿಸಿ ವಿವರಿಸಿದರು. ಆ ವಿವರಣೆ ಇಂದಿಗೂ ಮೆಚ್ಚುವಂಥದ್ದು. ಆದರೆ ಆ ಕಾಲದ ಜನಾಂಗ ವಿಂಗಡಣೆಯ ಗೀಳಿಗೆ ಒಳಗಾಗಿ, ಅವರು ಆ ಜನರಿಗೆ ಮಂಗೋಲಿಯ ದೇಶದ ಜನರ ಹೆಸರನ್ನು ಅಂಟಿಸಿಬಿಟ್ಟರು.

ಈ ತಪ್ಪು ಹೆಸರು ಸುಮಾರು ನೂರು ವರ್ಷ ವೈದ್ಯಗ್ರಂಥಗಳಲ್ಲಿ ಉಳಿಯಿತು. 1961ರಲ್ಲಿ 19 ಮಂದಿ ವಿಜ್ಞಾನಿಗಳು ಇದನ್ನು ಕೈಬಿಡಬೇಕೆಂದು ಲ್ಯಾನ್ಸೆಟ್ ಪತ್ರಿಕೆಗೆ ಪತ್ರ ಬರೆದರು. ಡೌನ್ ಅವರ ವಂಶದವರೊಬ್ಬರೂ ಅದಕ್ಕೆ ಸಹಿ ಹಾಕಿದ್ದರು. 1965ರಲ್ಲಿ ಮಂಗೋಲಿಯ ದೇಶವೇ ಕೇಳಿಕೊಂಡ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಆ ಪದವನ್ನು ಬಿಟ್ಟಿತು. ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಬೇಕು. 1905ರಲ್ಲಿ ಡೌನ್ ಅವರ ಮನೆತನದಲ್ಲೇ ಒಬ್ಬ ಮೊಮ್ಮಗ ಇದೇ ಸಿಂಡ್ರೋಮ್‌ನೊಂದಿಗೆ ಹುಟ್ಟಿದ. ಮೊಮ್ಮಗನಿಗೂ ಜಾನ್ ಎಂದೇ ಹೆಸರು.

ಕಾರಣ ಸಿಕ್ಕಿದ್ದು

ಕಾರಣ ತಿಳಿಯದಿದ್ದಾಗ ಜನ ತಾಯಿಯ ಮೇಲೆ ತಪ್ಪು ಹೊರಿಸುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ. ತಂದೆತಾಯಿಯರ ಕುಡಿತ, ಕ್ಷಯ, ಗುಹ್ಯರೋಗ ಇದಕ್ಕೆ ಕಾರಣವೆಂದು ವೈದ್ಯರೇ ಹೇಳಿದ್ದುಂಟು. ಇಂಗ್ಲೆಂಡಿನ ಲಯನಲ್ ಪೆನ್‌ರೋಸ್ 1930ರ ದಶಕದಲ್ಲಿ ಲೆಕ್ಕ ಹಾಕಿ, ತಾಯಿಯ ವಯಸ್ಸು ಹೆಚ್ಚಿದಂತೆ ಇಂಥ ಜನನದ ಸಂಭವ ಹೆಚ್ಚುತ್ತದೆ, ತಂದೆಯ ವಯಸ್ಸಿಗಾಗಲಿ ಎಷ್ಟನೇ ಮಗು ಎಂಬುದಕ್ಕಾಗಲಿ ಸಂಬಂಧವಿಲ್ಲ ಎಂದು ತೋರಿಸಿದರು.

ಮನುಷ್ಯನ ವರ್ಣತಂತುಗಳು 46 ಎಂಬುದು ಖಚಿತವಾದದ್ದೇ 1956ರಲ್ಲಿ. ಆಮೇಲೆ ತಡವಾಗಲಿಲ್ಲ. ಪ್ಯಾರಿಸಿನ ಟ್ರೂಸೋ ಆಸ್ಪತ್ರೆಯಲ್ಲಿ ಮಾರ್ತ್ ಗೋತಿಯೆ ಎಂಬ ಯುವ ವೈದ್ಯೆ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ಕೌಶಲವನ್ನು ಅಮೆರಿಕದಲ್ಲಿ ಕಲಿತು ಬಂದಿದ್ದರು. ಸಲಕರಣೆಗೆ ಹಣವಿರಲಿಲ್ಲ. ಕೋಶಗಳಿಗೆ ಬೇಕಾದ ಪೋಷಕದ್ರವಕ್ಕಾಗಿ ತಮ್ಮದೇ ರಕ್ತ ತೆಗೆದುಕೊಂಡಿದ್ದನ್ನೂ, ಆಸ್ಪತ್ರೆಯ ಅಂಗಳದಲ್ಲಿ ಒಂದು ಹುಂಜ ಸಾಕಿದ್ದನ್ನೂ ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಅವರು ಸಿದ್ಧಪಡಿಸಿದ ಗಾಜಿನ ಪಟ್ಟಿಗಳಲ್ಲಿ 47ನೇ ವರ್ಣತಂತು ಕಂಡಿತು. ಜೆರೋಮ್ ಲೆಜೂನ್ ಅವುಗಳ ಛಾಯಾಚಿತ್ರ ಮಾಡಿಸಿದರು. 1959ರ ಜನವರಿಯಲ್ಲಿ ಲೆಜೂನ್, ಗೋತಿಯೆ ಮತ್ತು ಅವರ ಹಿರಿಯರಾದ ತುರ್ಪಾಂ ಈ ಮೂವರ ಹೆಸರಿನಲ್ಲಿ ಶೋಧ ಪ್ರಕಟವಾಯಿತು.

ಬಹುಕಾಲ ಕೀರ್ತಿಯೆಲ್ಲಾ ಲೆಜೂನ್ ಒಬ್ಬರಿಗೇ ಸಂದಿತು. 2014ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ನೀತಿ ಸಮಿತಿ, ಶೋಧದ ಮೊದಲ ಹಂತದಲ್ಲಿ ಗೋತಿಯೆಯವರ ಕೆಲಸ ನಿರ್ಣಾಯಕವಾಗಿತ್ತೆಂಬ ಅಭಿಪ್ರಾಯ ಕೊಟ್ಟಿತು. ಅವರು 2022ರಲ್ಲಿ ತೀರಿಕೊಂಡರು. ಲೆಜೂನ್ ಅವರ ದೊಡ್ಡತನ ಇನ್ನೊಂದು ಕಡೆ ಇದೆ. ಶೋಧದ ನಂತರವೂ ಅವರು ತಮ್ಮ ರೋಗಿಗಳನ್ನು ಬಿಡಲಿಲ್ಲ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಜೀವನದ ಕೊನೆಯವರೆಗೂ ಅವರಿಗೆ ಚಿಕಿತ್ಸೆ ಹುಡುಕಿದರು. ತಮ್ಮ ಶೋಧವೇ ಇಂಥ ಶಿಶುಗಳನ್ನು ಗರ್ಭದಲ್ಲೇ ಇಲ್ಲವಾಗಿಸಲು ದಾರಿಯಾದಾಗ ಅದನ್ನು ಬಹಿರಂಗವಾಗಿ ವಿರೋಧಿಸಿದರು. 1994ರ ಪಾಸ್ಖ ಹಬ್ಬದ ದಿನ ನಿಧನರಾದರು. 1997ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಅವರ ಸಮಾಧಿಯ ಬಳಿ ಪ್ರಾರ್ಥಿಸಿದರು. 2021ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಸಾರಿತು.

ಒಂಬತ್ತರಿಂದ ಅರವತ್ತಕ್ಕೆ

ಈಗ ಆಯುಸ್ಸಿನ ಮಾತಿಗೆ ಬರೋಣ. 1929ರಲ್ಲಿ ಡೌನ್ ಸಿಂಡ್ರೋಮ್ ಉಳ್ಳವರ ಸರಾಸರಿ ಆಯುಸ್ಸು ಸುಮಾರು 9 ವರ್ಷ. 1940ರ ದಶಕದ ಕೊನೆಯಲ್ಲಿ 12. ಅಮೆರಿಕದ ಮರಣಪತ್ರಗಳನ್ನು ಆಧರಿಸಿ 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, 1983ರಲ್ಲಿ ಮರಣದ ಮಧ್ಯಮ ವಯಸ್ಸು 25 ಇದ್ದದ್ದು 1997ಕ್ಕೆ 49ಕ್ಕೆ ಏರಿತ್ತು. ಇಂದು ಒಳ್ಳೆಯ ವೈದ್ಯಕೀಯ ಸೌಕರ್ಯವಿರುವ ದೇಶಗಳಲ್ಲಿ ಅದು ಸುಮಾರು 60.

ಇದು ಹೇಗೆ ಸಾಧ್ಯವಾಯಿತು? ವರ್ಣತಂತು ಬದಲಾಗಲಿಲ್ಲ. ಬದಲಾದದ್ದು ಅವರನ್ನು ನೋಡಿಕೊಳ್ಳುವ ರೀತಿ. ಮೊದಲನೆಯದಾಗಿ, ಆ್ಯಂಟಿಬಯಾಟಿಕ್ ಔಷಧಗಳು ಬಂದು, ಎಳವೆಯಲ್ಲೇ ಬಲಿ ತೆಗೆದುಕೊಳ್ಳುತ್ತಿದ್ದ ಶ್ವಾಸಕೋಶದ ಸೋಂಕುಗಳು ಹತೋಟಿಗೆ ಬಂದವು. ಎರಡನೆಯದಾಗಿ, ಹೃದಯದ ಶಸ್ತ್ರಚಿಕಿತ್ಸೆ. ಡೌನ್ ಸಿಂಡ್ರೋಮ್‌ನೊಂದಿಗೆ ಹುಟ್ಟುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಹೃದಯದ ಕೆಳಕೋಣೆಗಳ ನಡುವಿನ ಗೋಡೆಯ ರಂಧ್ರಗಳನ್ನು ತೆರೆದು ಹೊಲಿಯುವ ಕೆಲಸವನ್ನು 1954ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡಾ. ವಾಲ್ಟನ್ ಲಿಲ್ಲೆಹೈ ಅವರ ತಂಡ ಆರಂಭಿಸಿತು. ಆಗ ಹೃದಯ ಯಂತ್ರ ಇನ್ನೂ ವ್ಯಾಪಕ ಬಳಕೆಗೆ ಬಂದಿರಲಿಲ್ಲ. ತಂದೆಯನ್ನೋ ತಾಯಿಯನ್ನೋ ಪಕ್ಕದ ಮೇಜಿನ ಮೇಲೆ ಮಲಗಿಸಿ, ಅವರ ರಕ್ತವನ್ನೇ ಮಗುವಿನ ದೇಹದಲ್ಲಿ ಹರಿಸಿ, ಮಗುವಿನ ಹೃದಯವನ್ನು ರಿಪೇರಿ ಮಾಡಿದರು.

ಆದರೆ ಶಸ್ತ್ರಚಿಕಿತ್ಸೆ ಇದ್ದರೂ ಇವರಿಗೆ ಅದು ಸುಲಭವಾಗಿ ಸಿಗಲಿಲ್ಲ. 1982ರಲ್ಲಿ ಅಮೆರಿಕದ ಇಂಡಿಯಾನ ರಾಜ್ಯದಲ್ಲಿ ಒಂದು ಶಿಶು ಅನ್ನನಾಳದ ದೋಷದೊಂದಿಗೆ ಹುಟ್ಟಿತು. ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದಾದ ದೋಷ. ಆದರೆ ಶಿಶುವಿಗೆ ಡೌನ್ ಸಿಂಡ್ರೋಮ್ ಇತ್ತು. ಚಿಕಿತ್ಸೆ ಬೇಡವೆಂದು ತೀರ್ಮಾನವಾಯಿತು, ನ್ಯಾಯಾಲಯವೂ ಒಪ್ಪಿತು, ಆರು ದಿನಗಳಲ್ಲಿ ಶಿಶು ತೀರಿಕೊಂಡಿತು. ದೇಶವೇ ತಲ್ಲಣಿಸಿ 1984ರಲ್ಲಿ ಕಾನೂನನ್ನು ಬದಲಿಸಿತು. 1983ರಿಂದ 1997ರವರೆಗೆ ಆಯುಸ್ಸು ಏರಿದ ಆ ವೇಗದ ಹಿಂದೆ ಔಷಧವಷ್ಟೇ ಇಲ್ಲ, ಮನಸ್ಸಿನ ಬದಲಾವಣೆಯೂ ಇದೆ. ಇದು ಮೂರನೆಯ ಕಾರಣ. ಕಿಕ್ಕಿರಿದ ಆಶ್ರಮಾಲಯಗಳಿಂದ ಹೊರಬಂದು ಅವರು ಮನೆಗಳಲ್ಲಿ ಬೆಳೆಯತೊಡಗಿದರು.

ಮೊದಲ ಋಣ: ನಮ್ಮ ಮಕ್ಕಳ ಲಸಿಕೆ

ಆ ಆಶ್ರಮಾಲಯಗಳಲ್ಲಿ ಇದ್ದವರಿಂದಲೇ ಲೋಕಕ್ಕೆ ದೊರೆತ ಒಂದು ಉಪಕಾರವನ್ನು ಹೆಚ್ಚಿನವರು ಕೇಳಿಲ್ಲ. ಬರೂಕ್ ಬ್ಲಂಬರ್ಗ್ ಎಂಬ ಅಮೆರಿಕದ ವಿಜ್ಞಾನಿ 1960ರ ದಶಕದಲ್ಲಿ, ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಒಂದು ಅಪರಿಚಿತ ವಸ್ತುವನ್ನು ಕಂಡರು. ಅದು ರಕ್ತಕ್ಯಾನ್ಸರಿಗೆ ಸಂಬಂಧಿಸಿರಬಹುದೆಂದು ಅವರಿಗೆ ತೋರಿತು. ಡೌನ್ ಸಿಂಡ್ರೋಮ್ ಉಳ್ಳವರಿಗೆ ರಕ್ತಕ್ಯಾನ್ಸರಿನ ಅಪಾಯ ಹೆಚ್ಚು. ಆದ್ದರಿಂದ ಅವರ ರಕ್ತವನ್ನು ಪರೀಕ್ಷಿಸಿದರು. ದೊಡ್ಡ ಆಶ್ರಮಾಲಯಗಳಲ್ಲಿ ಇದ್ದವರಲ್ಲಿ ಆ ವಸ್ತು ಹೇರಳವಾಗಿತ್ತು. ಮನೆಗಳಲ್ಲಿ ಇದ್ದವರಲ್ಲಿ ವಿರಳ. ನವಜಾತ ಶಿಶುಗಳಲ್ಲಿ ಇರಲೇ ಇಲ್ಲ. ಹಾಗಾದರೆ ಇದು ಹುಟ್ಟಿನಿಂದ ಬಂದದ್ದಲ್ಲ, ಒಬ್ಬರಿಂದ ಒಬ್ಬರಿಗೆ ಹರಡಿದ ಸೋಂಕು ಇರಬೇಕು.

1966ರಲ್ಲಿ ಡೌನ್ ಸಿಂಡ್ರೋಮ್ ಉಳ್ಳ ಒಬ್ಬ ವ್ಯಕ್ತಿಯ ರಕ್ತದಲ್ಲಿ, ಮೊದಲು ಇಲ್ಲದ ಆ ವಸ್ತು ಹೊಸದಾಗಿ ಕಾಣಿಸಿತು. ಪರೀಕ್ಷಿಸಿದಾಗ ಅವರ ಯಕೃತ್ತಿಗೆ ಉರಿಯೂತವಾಗಿತ್ತು. ಅಲ್ಲಿಂದ ತಿಳಿಯಿತು, ಇದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ. ಬ್ಲಂಬರ್ಗ್ 1976ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. 1981ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಅನುಮತಿ ಸಿಕ್ಕಿತು. ನಮ್ಮ ದೇಶದಲ್ಲಿ 2002ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ಲಸಿಕೆ ಮುಂದಿನ ಹತ್ತು ವರ್ಷಗಳಲ್ಲಿ ದೇಶದ ಎಲ್ಲ ಶಿಶುಗಳ ಲಸಿಕೆಪಟ್ಟಿ ಸೇರಿತು. ಇಂದು ನಮ್ಮ ಧರ್ಮಕೇಂದ್ರದ ತಾಯಂದಿರು ಹೆರಿಗೆಯಾದ ಕೂಡಲೇ ಮಗುವಿಗೆ ಹಾಕಿಸುವ ಲಸಿಕೆಗಳಲ್ಲಿ ಇದೂ ಒಂದು. ಅದರ ಹಿಂದೆ, ಸಮಾಜ ಮರೆತು ಬಿಟ್ಟಿದ್ದ ಜನರ ರಕ್ತವಿದೆ.

ಎರಡನೆಯ ಋಣ: ಮರೆವಿನ ರೋಗದ ಗುಟ್ಟು

ಇನ್ನೊಂದು ಋಣ ಇದಕ್ಕಿಂತ ದೊಡ್ಡದು. 1906ರಲ್ಲಿ ಜರ್ಮನಿಯ ವೈದ್ಯ ಆಲ್ಜೈಮರ್ ಮರೆವಿನ ಕಾಯಿಲೆಯಿಂದ ಸತ್ತ ಮಹಿಳೆಯೊಬ್ಬರ ಮಿದುಳಿನಲ್ಲಿ ಅಂಟಿನಂಥ ಗಂಟುಗಳನ್ನು ಕಂಡದ್ದು ನಮಗೆ ಗೊತ್ತು. 1929ರಲ್ಲಿ ಡೌನ್ ಸಿಂಡ್ರೋಮ್ ಉಳ್ಳವರ ಮಿದುಳಿನಲ್ಲೂ ಅಂಥದೇ ಗಂಟುಗಳು ಕಂಡವು. 1948ರಲ್ಲಿ ಜಾರ್ಜ್ ಜರ್ವಿಸ್ ಎಂಬ ವೈದ್ಯರು, ಇವರಲ್ಲಿ ಕೆಲವರು ನಡುವಯಸ್ಸಿನಲ್ಲೇ ಮುದುಕರಂತೆ ಮರೆವಿಗೆ ಒಳಗಾಗುತ್ತಾರೆ ಎಂದು ಬರೆದರು. ಆಗ ಅಷ್ಟು ವಯಸ್ಸಿನವರೆಗೆ ಬದುಕುತ್ತಿದ್ದವರೇ ಕಡಿಮೆ. ಹಾಗಾಗಿ ಈ ಮಾತಿಗೆ ಹೆಚ್ಚು ಗಮನ ಸಿಗಲಿಲ್ಲ.

1984ರಲ್ಲಿ ಅಮೆರಿಕದ ಜಾರ್ಜ್ ಗ್ಲೆನ್ನರ್ ಮತ್ತು ಕೇನ್ ವಾಂಗ್ ಆಲ್ಜೈಮರ್ಸ್ ರೋಗಿಗಳ ಮಿದುಳಿನಿಂದ ಆ ಅಂಟಿನ ಪ್ರೋಟೀನನ್ನು ಬೇರ್ಪಡಿಸಿದರು. ಅದೇ ವರ್ಷ ಡೌನ್ ಸಿಂಡ್ರೋಮ್ ಉಳ್ಳವರ ಮಿದುಳಿನಿಂದ ತೆಗೆದು ನೋಡಿದರು. ಎರಡೂ ಒಂದೇ. ಇವರಲ್ಲಿ 21ನೇ ವರ್ಣತಂತು ಹೆಚ್ಚಾಗಿರುವುದರಿಂದ, ಈ ಪ್ರೋಟೀನಿನ ಜೀನ್ ಅಲ್ಲೇ ಇರಬೇಕೆಂದು ಅವರು ಊಹಿಸಿದರು. 1987ರಲ್ಲಿ ಆ ಜೀನ್ ಅಲ್ಲೇ ಸಿಕ್ಕಿತು. ಅದರ ಹೆಸರು ಎಪಿಪಿ. ಮೂರು ಪ್ರತಿ ಇದ್ದರೆ ಅಂಟು ಹೆಚ್ಚು ತಯಾರಾಗುತ್ತದೆ, ಬೇಗ ಶೇಖರವಾಗುತ್ತದೆ. ಇದಕ್ಕೆ ತಿರುವುಮುರುವಾದ ಸಾಕ್ಷಿಯೂ 1998ರಲ್ಲಿ ದೊರೆಯಿತು. 78 ವರ್ಷದ ಒಬ್ಬ ಮಹಿಳೆಗೆ ಡೌನ್ ಸಿಂಡ್ರೋಮ್ ಇದ್ದೂ ಮರೆವಿನ ರೋಗ ಬಂದಿರಲಿಲ್ಲ. ಅವರಲ್ಲಿ 21ನೇ ವರ್ಣತಂತುವಿನ ಒಂದು ಭಾಗ ಮಾತ್ರ ಮೂರು ಪ್ರತಿ ಇತ್ತು, ಎಪಿಪಿ ಜೀನ್ ಎಲ್ಲರಂತೆ ಎರಡೇ ಇತ್ತು.

ಇಂದು ತಿಳಿದಿರುವುದಿಷ್ಟು. ನಲವತ್ತನೇ ವಯಸ್ಸಿನ ಹೊತ್ತಿಗೆ ಬಹುತೇಕ ಎಲ್ಲರ ಮಿದುಳಿನಲ್ಲೂ ಈ ಅಂಟು ಕಾಣುತ್ತದೆ. ಮರೆವಿನ ಲಕ್ಷಣ ಸಾಮಾನ್ಯವಾಗಿ ಐವತ್ತು ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ. ಜೀವಮಾನದಲ್ಲಿ ರೋಗ ಬರುವ ಸಂಭವ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು. ಬಾರ್ಸಿಲೋನ ಮತ್ತು ಕೇಂಬ್ರಿಜ್ ನಗರಗಳಲ್ಲಿ ಡೌನ್ ಸಿಂಡ್ರೋಮ್ ಉಳ್ಳ ನೂರಾರು ವಯಸ್ಕರು ತಮ್ಮ ರಕ್ತವನ್ನು, ಕೆಲವರು ಬೆನ್ನುಹುರಿಯ ದ್ರವವನ್ನೂ ಕೊಟ್ಟು ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಲಕ್ಷಣ ಕಾಣುವುದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲೇ ದೇಹದಲ್ಲಿ ಬದಲಾವಣೆ ಶುರುವಾಗುತ್ತದೆಂದು ಅದು ತೋರಿಸಿತು. ಇದು ಇವರಿಗಷ್ಟೇ ಅಲ್ಲ, ಆಲ್ಜೈಮರ್ಸ್ ರೋಗವನ್ನು ಅರಿಯಲು ಹೊರಟ ಎಲ್ಲರಿಗೂ ದೊರೆತ ಅಮೂಲ್ಯ ತಿಳುವಳಿಕೆ.

ಆ ಅಂಟನ್ನೇ ಮಿದುಳಿನಿಂದ ತೆಗೆಯುವ ಲೆಕನೆಮ್ಯಾಬ್ ಔಷಧಕ್ಕೆ 2023ರಲ್ಲಿ, ಡೊನನೆಮ್ಯಾಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅನುಮತಿಗೆ ಆಧಾರವಾದ ಆ ದೊಡ್ಡ ಪ್ರಯೋಗಗಳಲ್ಲಿ ಡೌನ್ ಸಿಂಡ್ರೋಮ್ ಉಳ್ಳವರನ್ನು ಸೇರಿಸಿಕೊಂಡಿರಲಿಲ್ಲ. ಇವರ ಮಿದುಳಿನ ರಕ್ತನಾಳಗಳಲ್ಲೂ ಅಂಟು ಇರುವುದರಿಂದ ರಕ್ತಸ್ರಾವದ ಭಯವಿದೆ, ಎಚ್ಚರಿಕೆ ಬೇಕು, ನಿಜ. ಆದರೆ ಎಚ್ಚರಿಕೆ ಬೇರೆ, ಹೊರಗಿಡುವುದು ಬೇರೆ. ಯಾರ ದೇಹದಿಂದ ಬೀಗದಕೈ ಸಿಕ್ಕಿತೋ ಅವರೇ ಬಾಗಿಲ ಹೊರಗೆ ನಿಂತಿದ್ದಾರೆ. ಇತ್ತೀಚೆಗೆ ಇವರಿಗಾಗಿಯೇ ಕೆಲವು ಸಣ್ಣ ಪ್ರಯೋಗಗಳು, ಒಂದು ಲಸಿಕೆಯದ್ದೂ ಸೇರಿ, ಶುರುವಾಗಿರುವುದು ಸಮಾಧಾನದ ವಿಷಯ.

ವಯಸ್ಕರಿಗೂ ಒಂದು ವೈದ್ಯಶಾಸ್ತ್ರ

ಬಹುಕಾಲ ಈ ಸಿಂಡ್ರೋಮ್ ಮಕ್ಕಳ ವೈದ್ಯರ ವಿಷಯವೆಂದೇ ಎಣಿಸಲಾಗಿತ್ತು. 1992ರಲ್ಲಿ ಅಮೆರಿಕದ ಶಿಕಾಗೋ ಸಮೀಪ ವಯಸ್ಕರಿಗಾಗಿಯೇ ಒಂದು ಚಿಕಿತ್ಸಾಲಯ ತೆರೆಯಿತು. ಡಾ. ಬ್ರಯಾನ್ ಚಿಕೊಯಿನ್ ಮತ್ತು ಡೆನಿಸ್ ಮೆಕ್‌ಗ್ವಾಯರ್ ಅಲ್ಲಿ ಬಂದವರನ್ನು ಗಮನವಿಟ್ಟು ನೋಡಿದರು. ಅನೇಕರು ತಮ್ಮಷ್ಟಕ್ಕೇ ಮಾತಾಡಿಕೊಳ್ಳುತ್ತಿದ್ದರು. ಇದನ್ನು ಹುಚ್ಚೆಂದು ತಿಳಿದು ಔಷಧ ಕೊಟ್ಟದ್ದುಂಟು. ಅದು ರೋಗವಲ್ಲ, ದಿನದ ಆಗುಹೋಗುಗಳನ್ನು ಮೆಲುಕು ಹಾಕುವ, ಒಂಟಿತನ ನೀಗುವ ಸಹಜ ರೀತಿ ಎಂದು ಅವರು ತಿಳಿಸಿದರು. ಆ ಮಾತಿನ ಧಾಟಿ ಥಟ್ಟನೆ ಬದಲಾದರೆ ಮಾತ್ರ ಕಾರಣ ಹುಡುಕಬೇಕು.

2020ರಲ್ಲಿ ವಯಸ್ಕರ ಚಿಕಿತ್ಸೆಗೆಂದೇ ಸಾಕ್ಷ್ಯಾಧಾರಿತ ಮಾರ್ಗಸೂಚಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಕೋವಿಡ್ ಬಂದಾಗ, ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ ಡೌನ್ ಸಿಂಡ್ರೋಮ್ ಉಳ್ಳ ವಯಸ್ಕರಿಗೆ ಸಾವಿನ ಅಪಾಯ ಸುಮಾರು ಹತ್ತು ಪಟ್ಟು ಎಂದು ತೋರಿಸಿತು. ಇನ್ನೊಂದು ಕಡೆ, ಸ್ತನ, ಶ್ವಾಸಕೋಶ ಮೊದಲಾದ ಅಂಗಗಳ ಗಡ್ಡೆ ಕ್ಯಾನ್ಸರ್ ಇವರಲ್ಲಿ ಕಡಿಮೆ ಎಂದು 2000ದಲ್ಲಿ ಡೆನ್ಮಾರ್ಕಿನ ಅಧ್ಯಯನವೊಂದು ಹೇಳಿದೆ. ಅದು ಏಕೆಂದು ತಿಳಿದರೆ ಅದೂ ನಮ್ಮೆಲ್ಲರ ಪಾಲಿಗೆ ಇನ್ನೊಂದು ಋಣವೇ ಆಗುತ್ತದೆ.

ಕುಟುಂಬಗಳಿಗೆ ನಾಲ್ಕು ಮಾತು

ಈ ಇತಿಹಾಸವನ್ನು ಓದಿ ಪುಟ ಮಡಚಿಟ್ಟರೆ ಸಾಲದು. ನಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಇಂಥವರಿದ್ದರೆ ಈ ಸಂಗತಿಗಳು ನೆನಪಿರಲಿ.

ಒಂದು. ನಲವತ್ತು ದಾಟಿದವರು ಮಂಕಾದರೆ, ಮಾತು ಕಡಿಮೆ ಮಾಡಿದರೆ, ಮಾಡುತ್ತಿದ್ದ ಕೆಲಸ ಬಿಟ್ಟರೆ, "ಅವನು ಹಾಗೇನೇ" ಎಂದು ಬಿಡಬೇಡಿ. ಹಾಗೆಯೇ "ಮರೆವು ಬಂತು, ಇನ್ನೇನೂ ಮಾಡಲಾಗದು" ಎಂದು ಕೈಚೆಲ್ಲಲೂ ಬೇಡಿ. ಥೈರಾಯ್ಡ್ ಕೊರತೆ ಇವರಲ್ಲಿ ಬಹಳ ಸಾಮಾನ್ಯ. ಕಿವಿ ಮಂದವಾಗಿರಬಹುದು, ಕಣ್ಣಿಗೆ ಪೊರೆ ಬಂದಿರಬಹುದು, ನಿದ್ದೆಯಲ್ಲಿ ಉಸಿರು ಕಟ್ಟುತ್ತಿರಬಹುದು, ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ದುಃಖ ಒಳಗೇ ಉಳಿದಿರಬಹುದು. ಇವೆಲ್ಲಕ್ಕೂ ಪರಿಹಾರವಿದೆ.

ಎರಡು. ಮಾರ್ಗಸೂಚಿಯ ಪ್ರಕಾರ 21 ವರ್ಷದಿಂದ ಒಂದೆರಡು ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ, 30ರಿಂದ ಸಕ್ಕರೆ ಕಾಯಿಲೆಯ ಪರೀಕ್ಷೆ, 40ರಿಂದ ವರ್ಷಕ್ಕೊಮ್ಮೆ ನೆನಪಿನ ಶಕ್ತಿಯ ಪರಿಶೀಲನೆ ಆಗಬೇಕು. ಈ ವಯಸ್ಸುಗಳನ್ನು ಬರೆದಿಟ್ಟುಕೊಂಡು ನಿಮ್ಮ ವೈದ್ಯರಿಗೆ ತೋರಿಸಿ.

ಮೂರು. ಮೂವತ್ತರ ಹರೆಯದಲ್ಲೇ ಒಂದು ನೋಟುಪುಸ್ತಕ ಮಾಡಿ. ಅವರು ಏನೇನು ತಾವೇ ಮಾಡಿಕೊಳ್ಳುತ್ತಾರೆ, ಯಾರ ಹೆಸರು ಹೇಳುತ್ತಾರೆ, ಯಾವ ಗೀತೆ ಹಾಡುತ್ತಾರೆ ಎಂದು ಬರೆದಿಡಿ. ಮುಂದೆ ಏನು ಬದಲಾಯಿತೆಂದು ವೈದ್ಯರಿಗೆ ತಿಳಿಯಲು ಇದಕ್ಕಿಂತ ಉತ್ತಮ ಸಾಧನವಿಲ್ಲ.

ನಾಲ್ಕು. ತಂದೆತಾಯಿಯರ ನಂತರ ಯಾರು? ಈ ಪ್ರಶ್ನೆಯನ್ನು ಮುಂದೂಡಬೇಡಿ. ಹಿಂದೆ ಇಂಥ ಮಕ್ಕಳು ತಂದೆತಾಯಿಯರ ಕಣ್ಣೆದುರೇ ತೀರಿಹೋಗುತ್ತಿದ್ದರು. ಈಗ ಅವರೇ ತಂದೆತಾಯಿಯರನ್ನು ಮಣ್ಣು ಮಾಡುವ ಕಾಲ ಬಂದಿದೆ. ನಮ್ಮ ದೇಶದ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಲು ಅವಕಾಶವಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಆರೋಗ್ಯ, ಶಿಕ್ಷಣ, ಉದ್ಯೋಗಗಳ ಹಕ್ಕನ್ನು ಕೊಟ್ಟಿದೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಒಟ್ಟಿಗೆ ಕೂತು ಈಗಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಪ್ರಿಯರೇ, ಋಣವೆಂದರೆ ದಯೆಯಲ್ಲ. ದಯೆಯನ್ನು ಬೇಕಾದರೆ ತೋರಬಹುದು, ಬೇಡವಾದರೆ ಬಿಡಬಹುದು. ಋಣವನ್ನು ತೀರಿಸಲೇಬೇಕು. ಡೌನ್ ಸಿಂಡ್ರೋಮ್ ಉಳ್ಳವರನ್ನು ನೋಡಿ "ಪಾಪ" ಎನ್ನುವ ಮೊದಲು, ನಮ್ಮ ಮಗುವಿನ ತೊಡೆಗೆ ಚುಚ್ಚಿದ ಲಸಿಕೆಯನ್ನು ನೆನೆಯೋಣ. ನಮ್ಮ ಅಜ್ಜ ಅಜ್ಜಿಯರ ಮರೆವಿಗೆ ಇಂದು ನಡೆಯುತ್ತಿರುವ ಸಂಶೋಧನೆಯನ್ನು ನೆನೆಯೋಣ. ಪೂಜೆಯ ಬಳಿಕ ಚರ್ಚಿನ ಅಂಗಳದಲ್ಲಿ ಅವರ ತಲೆ ಸವರಿ ಮುಂದೆ ಹೋಗುವ ಬದಲು, ವಯಸ್ಸಿಗೆ ತಕ್ಕ ಗೌರವದಿಂದ ಹೆಸರು ಹಿಡಿದು ಮಾತಾಡಿಸೋಣ. ಅವರ ತಾಯಿಗೆ ವಯಸ್ಸಾಗಿದ್ದರೆ, ವೈದ್ಯರ ಬಳಿ ಕರೆದೊಯ್ಯಲು ನಮ್ಮ ಮನೆಯಿಂದ ಒಬ್ಬರು ಜೊತೆಯಾಗೋಣ. ಋಣ ತೀರಿಸುವ ಕೆಲಸವನ್ನು ಈ ವಾರವೇ, ನಮ್ಮ ಬೀದಿಯಲ್ಲೇ ಆರಂಭಿಸೋಣ.